ಅವರು ಹೇಳದ ಮಾತಿಗೆ ಅವರ ಹೆಸರೇಕೆ?

ಕಳೆದ ವರ್ಷ ಪುರ್ತಗೇರಿಯಲ್ಲಿ ಬಂಧುಗಳ ಮನೆಯ ನಿಕಾಹ್ ಮುಗಿದು, ಊಟವಾದ ಮೇಲೆ ಚಪ್ಪರದ ನೆರಳಿನಲ್ಲಿ ಕುಳಿತಿದ್ದೆವು. ಹಿರಿಯರೊಬ್ಬರು ತಮ್ಮ ಮೊಬೈಲನ್ನು ನನ್ನ ಕೈಗಿತ್ತು, ಅದರಲ್ಲಿ ಬಂದಿದ್ದ ಸಂದೇಶವೊಂದನ್ನು ಎಲ್ಲರಿಗೂ ಕೇಳುವಂತೆ ಓದಲು ಹೇಳಿದರು. ಮೊದಲ ಸಾಲಿನಲ್ಲೇ ಅದರ ಗುರುತು ಹತ್ತಿತು. ಮದೀನಾದ ಪ್ರವಾದಿ ಮಸ್ಜಿದ್‌ನ ಸೇವಕರಾದ ಶೇಖ್ ಅಹ್ಮದ್ ಎಂಬವರ ಕನಸಿನಲ್ಲಿ ಪ್ರವಾದಿವರ್ಯರು(ಸ) ಕಾಣಿಸಿಕೊಂಡು ಸಮುದಾಯದ ಅವನತಿಗಾಗಿ ದುಃಖಿಸಿದರಂತೆ. ಈ ವಸಿಯ್ಯತನ್ನು ಪ್ರತಿ ಮಾಡಿ ಹಂಚಿದವನಿಗೆ ಐಶ್ವರ್ಯವಂತೆ, ಅಲಕ್ಷಿಸಿದವನಿಗೆ ಆಪತ್ತಂತೆ.

ನಾನು ಹತ್ತು ವರ್ಷದ ಹುಡುಗನಾಗಿದ್ದಾಗ, ಇದೇ ಊರಿನಲ್ಲಿ, ಇದೇ ಶೇಖ್ ಅಹ್ಮದರ ಇದೇ ಕನಸನ್ನು ಶಾಲೆಯ ನೋಟುಬುಕ್ಕಿನ ಹಾಳೆ ಹರಿದು, ಆಪತ್ತಿಗೆ ಹೆದರಿ, ಲಾಟೀನಿನ ಬೆಳಕಿನಲ್ಲಿ ಪ್ರತಿ ಮಾಡಿದ್ದೆ. ಅಂದು ಕೈಬರಹ, ಆಮೇಲೆ ಝೆರಾಕ್ಸ್, ಈಗ ವಾಟ್ಸ್‌ಆ್ಯಪ್. ನಮ್ಮ ತಲೆಗಳು ನರೆತವು. ಕನಸು ಕಂಡ ಸೇವಕ ಮಾತ್ರ ಮುದುಕನಾಗಲಿಲ್ಲ. ಸೌದಿ ಅರೇಬಿಯದ ಪ್ರಸಿದ್ಧ ವಿದ್ವಾಂಸ ಶೇಖ್ ಅಬ್ದುಲ್ ಅಝೀಝ್ ಬಿನ್ ಬಾಝ್(ರ) ಈ ಪತ್ರವು ಶುದ್ಧ ಸುಳ್ಳೆಂದು, ಪ್ರವಾದಿವರ್ಯರ(ಸ) ಮೇಲೆ ಹೊರಿಸಿದ ಆರೋಪವೆಂದು ವಿವರವಾಗಿ ಬರೆದು ಎಚ್ಚರಿಸಿ ದಶಕಗಳೇ ಕಳೆದಿವೆ. ನಾನು ಅದನ್ನು ಮೆಲ್ಲಗೆ ತಿಳಿಸಿದಾಗ ಆ ಹಿರಿಯರು ನಕ್ಕು ಹೇಳಿದರು: "ಮಾತು ಚಲೋ ಐತಲ್ಲೋ ತಮ್ಮಾ. ನಮಾಜ್ ಮಾಡ್ರಿ, ಝಕಾತ್ ಕೊಡ್ರಿ ಅಂತ ಐತಿ. ಯಾರ್ ಹೇಳಿದ್ರೇನು?"

ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಹಿರಿಯರ ಮುಂದೆ ವಾದ ಬೆಳೆಸುವ ಮನಸ್ಸೂ ಇರಲಿಲ್ಲ. ಆದರೆ ಅವರ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಮಾತು ಒಳ್ಳೆಯದಿದ್ದರೆ ಸಾಕೆ? ಅದನ್ನು ಯಾರು ಹೇಳಿದರು ಎಂಬುದು ಮುಖ್ಯವಲ್ಲವೆ? ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಹೆಸರಿನ ಮೂರು ಬಳಕೆಗಳು

ಬರೆಯುವವನು ಹೆಸರಿನೊಂದಿಗೆ ಮೂರು ಬಗೆಯಲ್ಲಿ ವರ್ತಿಸಬಹುದು. ತನ್ನ ಹೆಸರನ್ನು ಮರೆಮಾಡಬಹುದು; ಅದು ವಿನಯ. ತನ್ನ ಹೆಸರನ್ನು ಮುದ್ರೆಯಂತೆ ಒತ್ತಬಹುದು. ಅದು ಹಕ್ಕು ಮತ್ತು ಹೊಣೆ. ತಾನು ಬರೆದುದಕ್ಕೆ ಇನ್ನೊಬ್ಬರ ಹೆಸರನ್ನು ಹಚ್ಚಬಹುದು; ಅದು ಸುಳ್ಳುಸಾಕ್ಷಿ. ಮೊದಲ ಎರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದರ ಬಗ್ಗೆ ಮಾತ್ರ ಈ ತಕರಾರು.

ಮೊದಲೆರಡಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯೇ ಸಾಕು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕನ್ನಡ ಭಾರತವನ್ನು ರಚಿಸಿದ ಕವಿಯ ಹೆಸರು ನಾರಣಪ್ಪನೆಂದು ಪರಂಪರೆ ಹೇಳುತ್ತದೆ. ಆದರೆ ಆತ ತನ್ನನ್ನು ವ್ಯಾಸರ ಮಗನೆಂಬ ಅರ್ಥದಲ್ಲಿ ಕುಮಾರವ್ಯಾಸನೆಂದು ಕರೆದುಕೊಂಡ. ತನ್ನ ದೇವರೇ ಕವಿ, ತಾನು ಬರೆದುಕೊಂಡ ಲಿಪಿಕಾರ ಮಾತ್ರವೆಂದ. ಇದು ಆತನ ಭಕ್ತಿಯ ನುಡಿ. ಅದರ ಸಿದ್ಧಾಂತವನ್ನು ನಾವು ಒಪ್ಪುತ್ತೇವೆಯೇ ಎಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದುದು ಇಷ್ಟು: ಆತ ತನ್ನನ್ನು ಚಿಕ್ಕವನಾಗಿಸಿಕೊಂಡನೇ ಹೊರತು, ತನ್ನ ಕೃತಿ ವ್ಯಾಸರ ಕೈಬರಹವೆಂದು ಯಾರನ್ನೂ ನಂಬಿಸಲಿಲ್ಲ. ವ್ಯಾಸರ ಮಗನೆಂದವನು ವ್ಯಾಸನೆಂದು ಹೇಳಿಕೊಂಡಂತಾಗುವುದಿಲ್ಲ.

ಅದಕ್ಕಿಂತಲೂ ಹಿಂದೆ, ಕ್ರಿ.ಶ. 1031ರ ಸುಮಾರಿಗೆ, ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದ. ಆ ಸಯ್ಯಡಿಯೇ ಇಂದಿನ ರೋಣ ತಾಲೂಕಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣದ ಚಾಲುಕ್ಯ ಅರಸ ಜಯಸಿಂಹನ ಬಳಿ ಸಂಧಿವಿಗ್ರಹಿಯ ದೊಡ್ಡ ಹುದ್ದೆಯಲ್ಲಿದ್ದ ಈತ, ಕಥೆಗಳು ತನ್ನವೆಂದು ಹೇಳಿಕೊಳ್ಳಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೆ ಆತ ತನ್ನ ಊರು, ತನ್ನ ವಂಶ, ತನ್ನ ಹುದ್ದೆಗಳನ್ನು ಹೇಳಿಕೊಂಡಂತೆಯೇ, ತಾನು ಅನುಸರಿಸಿದ್ದು ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನೆಂದೂ ಸ್ಪಷ್ಟವಾಗಿ ಹೇಳಿದ. ವಸುಭಾಗನ ಆ ಮೂಲಕೃತಿ ಇಂದು ಸಿಗುತ್ತಿಲ್ಲ. ಅಂಥದ್ದೊಂದು ಇತ್ತೆಂದು ನಾವು ಬಲ್ಲುದಕ್ಕೆ ನೆರೆಯೂರಿನ ಈ ಕವಿಯ ಪ್ರಾಮಾಣಿಕತೆಯೂ ಒಂದು ಕಾರಣ. ಹೆಸರು ಹೇಳುವುದರಿಂದ ಸತ್ತವನಿಗೆ ಸಲ್ಲಬೇಕಾದುದು ಸಲ್ಲುತ್ತದೆ.

ಇದೇ ಕಥೆಗಳು ಮತ್ತೊಂದು ದಾರಿಯಲ್ಲಿ ನಮ್ಮ ಪರಂಪರೆಗೂ ಬಂದಿವೆ. 6ನೇ ಶತಮಾನದಲ್ಲಿ ಇರಾನಿನ ದೊರೆ ನೌಶೇರ್‌ವಾನನ ವೈದ್ಯ ಬುರ್ಝೂಯ ಅವನ್ನು ಪಹ್ಲವಿ ಭಾಷೆಗೆ ತಂದ. 8ನೇ ಶತಮಾನದಲ್ಲಿ ಇಬ್ನುಲ್ ಮುಕಫ್ಫಅ್ ಅರಬಿಗೆ ತಂದಾಗ ಅದು 'ಕಲೀಲ ವ ದಿಮ್ನ' ಆಯಿತು. ಅಲ್ಲಿ ಕಥೆ ಹೇಳುವ ಪಂಡಿತ ವಿಷ್ಣುಶರ್ಮನಲ್ಲ, ಬೈದಬಾ. ಕಥೆ ಒಂದೇ, ಹೆಸರುಗಳು ಹಲವು. ನರಿ-ಸಿಂಹಗಳ ನೀತಿಕಥೆಯಲ್ಲಿ ಇದರಿಂದ ಯಾರ ಆಖಿರತ್ತೂ ಕೆಡುವುದಿಲ್ಲ. ಆದರೆ ಮಾತು ಧರ್ಮದ್ದಾದಾಗ, ಹೆಸರು ಪ್ರವಾದಿಯದ್ದಾದಾಗ, ಲೆಕ್ಕ ಬೇರೆಯಾಗುತ್ತದೆ.

ನೆರೆಯ ಸಮಾಜದಲ್ಲಿ ನಡೆದ ಒಂದು ವಿವಾದ ಇದನ್ನೇ ತೋರಿಸುತ್ತದೆ. ಶರಣರ ವಚನಗಳಲ್ಲಿ ಅಂಕಿತವೇ ಕರ್ತೃವಿನ ಗುರುತು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಮಾತೆ ಮಹಾದೇವಿಯವರು ತಾವು ಪ್ರಕಟಿಸಿದ 'ವಚನದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದರು. ಅವರಿಗೆ ಅವರದೇ ಧಾರ್ಮಿಕ ಕಾರಣಗಳಿದ್ದವು. ಆದರೂ ದೊಡ್ಡ ವಿರೋಧವೆದ್ದು, 1998ರಲ್ಲಿ ಕರ್ನಾಟಕ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಅವರ ಮನೆಯ ಮಾತಿನಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಪುಸ್ತಕವೊಂದನ್ನು ಸರ್ಕಾರ ತಡೆಯಬೇಕೆ ಎಂಬುದೂ ಪ್ರತ್ಯೇಕ ಚರ್ಚೆ. ನಾನು ಎತ್ತಿ ತೋರಿಸುವುದು ಇಷ್ಟೆ: ವಚನದ ಉಳಿದ ಮಾತುಗಳು ಹಾಗೆಯೇ ಇದ್ದು, ಕೊನೆಯ ಒಂದು ಹೆಸರು ಬದಲಾದುದಕ್ಕೆ ಒಂದು ಸಮಾಜ ಸುಮಾರು ಎರಡು ದಶಕ ಹೋರಾಡಿತು. ಯಾರು ಹೇಳಿದರೇನು ಎಂದು ಅವರು ಸುಮ್ಮನಾಗಲಿಲ್ಲ.

ಯಹೂದಿಯರು: ಪರಂಪರೆಯ ನೆರಳಿನಲ್ಲಿ ಹೆಸರು

ಗ್ರಂಥಕ್ಕೂ ಹೆಸರಿಗೂ ಇರುವ ಸಂಬಂಧವನ್ನು ಪ್ರಾಚೀನ ಸಮುದಾಯಗಳು ಹೇಗೆ ಕಂಡವು? ಹಳೆಯ ಇಬ್ರಾನಿ ಗ್ರಂಥಗಳನ್ನು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಬರೆದವರ ಹೆಸರನ್ನೇ ಹೇಳುವುದಿಲ್ಲ. ಗ್ರಂಥದ ಬೆಲೆ ಬರೆದವನಿಂದ ಬಂದುದಲ್ಲ, ಅದು ಯಾವ ಪರಂಪರೆಗೆ ಸೇರಿದೆ ಎಂಬುದರಿಂದ ಬಂದುದು. ಧರ್ಮಶಾಸ್ತ್ರವೆಂದರೆ ಮೂಸಾರದು(ಅ), ಸ್ತೋತ್ರವೆಂದರೆ ದಾವೂದರದು(ಅ), ಜ್ಞಾನೋಕ್ತಿಯೆಂದರೆ ಸುಲೈಮಾನರದು(ಅ) ಎಂಬ ಭಾವನೆ ಬೇರೂರಿತ್ತು. ಲೇಖನಿ ಹಿಡಿದವನು ಆ ನೆರಳಿನಲ್ಲಿ ಕರಗಿಹೋದ.

ಆದರೆ ಪ್ರಶ್ನೆಗಳು ಇಲ್ಲದಿರಲಿಲ್ಲ. ಬೈಬಲ್‌ನ ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೂಸಾರ(ಅ) ಮರಣದ ವೃತ್ತಾಂತವಿದೆ. ತನ್ನ ಮರಣವನ್ನು ತಾನೇ ಬರೆದವರುಂಟೆ? ಯಹೂದಿ ಧರ್ಮಪಂಡಿತರು ಈ ಪ್ರಶ್ನೆಯನ್ನು ಮುಚ್ಚಿಡಲಿಲ್ಲ. ತಾಲ್ಮೂದಿನ ಬಾಬಾ ಬತ್ರಾ ಭಾಗದಲ್ಲಿ ಯಾವ ಗ್ರಂಥವನ್ನು ಯಾರು ಬರೆದರೆಂಬ ದೀರ್ಘ ಚರ್ಚೆಯಿದೆ. ಕೊನೆಯ ಎಂಟು ವಚನಗಳನ್ನು ಯೆಹೋಶುವ ಬರೆದರೆಂದು ಒಂದು ಅಭಿಪ್ರಾಯ; ದೇವರು ಹೇಳುತ್ತಿರಲು ಮೂಸಾರೇ(ಅ) ಕಣ್ಣೀರಿನೊಂದಿಗೆ ಬರೆದರೆಂದು ಇನ್ನೊಂದು.

ಕ್ರಿ.ಪೂ. 180ರ ಆಸುಪಾಸಿನಲ್ಲಿ ಜೆರುಸಲೇಮಿನ ಬೆನ್ ಸಿರಾ ಎಂಬ ಗುರು ತನ್ನ ಜ್ಞಾನಗ್ರಂಥದ ಕೊನೆಯಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆದ. ಆತನ ಮೊಮ್ಮಗ ಅದನ್ನು ಗ್ರೀಕ್ ಭಾಷೆಗೆ ತಂದಾಗ, ಅನುವಾದದಲ್ಲಿ ಮೂಲದ ಬಲ ಪೂರ್ತಿ ಬರುವುದಿಲ್ಲವೆಂದು ಮುನ್ನುಡಿಯಲ್ಲಿ ವಿನಯದಿಂದ ಒಪ್ಪಿಕೊಂಡ. ಇದು ಪ್ರಾಮಾಣಿಕತೆಯ ದಾರಿ. ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಪ್ರಳಯಕ್ಕೂ ಹಿಂದಿನ ಹನೋಕನ ಹೆಸರಿನಲ್ಲಿ ಗ್ರಂಥಗಳು ಹುಟ್ಟಿದವು. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ, ಅನಾಮಿಕನೊಬ್ಬ ತನ್ನ ದುಃಖವನ್ನು ಐದು ಶತಮಾನಗಳ ಹಿಂದೆ ಬಾಳಿದ ಎಜ್ರನ ಬಾಯಲ್ಲಿಟ್ಟು ಬರೆದ. ಆ ದುಃಖ ನಿಜವಾದುದು, ಆ ಪ್ರಶ್ನೆಗಳು ಆಳವಾದವು. ಆದರೂ ಅವು ಎಜ್ರನ ಮಾತುಗಳಲ್ಲ.

ಇಲ್ಲಿ ನ್ಯಾಯ ತಪ್ಪಬಾರದು. ಹೇಳಿದವನ ಹೆಸರಿನೊಂದಿಗೇ ಮಾತನ್ನು ಹೇಳುವವನು ಲೋಕಕ್ಕೆ ವಿಮೋಚನೆ ತರುತ್ತಾನೆಂಬ ಭಾವವೂ ಯಹೂದಿ ಪೂರ್ವಜರ ನುಡಿಸಂಗ್ರಹದಲ್ಲೇ ಇದೆ. ಸೀನಾಯಿಯಿಂದ ಮೂಸಾ(ಅ), ಅವರಿಂದ ಯೆಹೋಶುವ, ಅವರಿಂದ ಹಿರಿಯರು ಎಂದು ಜ್ಞಾನ ಕೈಯಿಂದ ಕೈಗೆ ಬಂದ ಸರಪಳಿಯೊಂದಿಗೆ ಆ ಸಂಗ್ರಹ ಆರಂಭವಾಗುತ್ತದೆ. ಸರಪಳಿಯ ಬೆಲೆ ಅವರಿಗೂ ತಿಳಿದಿತ್ತು.

ಗ್ರೀಕರು: ಮುದ್ರೆ ಮತ್ತು ಮಾರುಕಟ್ಟೆ

ಗ್ರೀಕರಲ್ಲಿ ಹೆಸರು ಬೇಗ ಮೇಲೆ ಬಂತು. ಹೋಮರನ ಕಾವ್ಯ ತನ್ನ ಕವಿಯ ಹೆಸರನ್ನು ಹೇಳುವುದಿಲ್ಲ. ಹೆಸಿಯಡ್ ತನ್ನ ಹೆಸರನ್ನು ಕಾವ್ಯದಲ್ಲೇ ಸೇರಿಸಿದ. ಹೆರೊಡೋಟಸ್ ತನ್ನ ಇತಿಹಾಸವನ್ನು ತನ್ನ ಹೆಸರು ಮತ್ತು ಊರಿನೊಂದಿಗೇ ಆರಂಭಿಸಿದ. ಥಿಯೋಗ್ನಿಸ್ ಎಂಬ ಕವಿಯಂತೂ ತನ್ನ ಪದ್ಯಗಳನ್ನು ಯಾರೂ ಕದಿಯದಂತೆ ಅವುಗಳ ಮೇಲೆ ಮುದ್ರೆ ಹಾಕಿರುವುದಾಗಿ ಸಾರಿದ. ವಿಧಿಯ ವ್ಯಂಗ್ಯವೇನೆಂದರೆ, ಇಂದು ಆತನ ಹೆಸರಿನಲ್ಲಿ ಉಳಿದಿರುವ ಸಂಗ್ರಹದಲ್ಲಿ ಬೇರೆಯವರ ಪದ್ಯಗಳು ಧಾರಾಳವಾಗಿ ಸೇರಿಕೊಂಡಿವೆ. ಮುದ್ರೆಯೊಂದೇ ಕಾವಲಾಗದು, ಕಾಯುವ ಜನರೂ ಬೇಕು.

ಹೆಸರಿಗೆ ಬೆಲೆ ಬಂದೊಡನೆ ನಕಲಿಗೂ ಬೆಲೆ ಬಂತು. ನಮ್ಮ ಯುನಾನಿ ಹಕೀಮರು ಜಾಲೀನೂಸ್ ಎಂದು ಗೌರವಿಸುವ 2ನೇ ಶತಮಾನದ ವೈದ್ಯ ಗ್ಯಾಲೆನ್ ಇದರ ಮೂಲವನ್ನು ಗುರುತಿಸಿದ್ದಾರೆ. ಅಲೆಕ್ಸಾಂಡ್ರಿಯ ಮತ್ತು ಪೆರ್ಗಮಮ್‌ನ ಅರಸರು ತಮ್ಮ ಗ್ರಂಥಾಲಯಗಳಿಗಾಗಿ ಹಳೆಯ ಗ್ರಂಥಗಳಿಗೆ ಹಣ ಕೊಡತೊಡಗಿದ ಮೇಲೆಯೇ ಸುಳ್ಳು ಹೆಸರಿನ ಗ್ರಂಥಗಳು ಹೆಚ್ಚಿದವೆಂದು ಅವರು ಬರೆದಿದ್ದಾರೆ. ಅವರಿಗೇ ಒಂದು ಅನುಭವವಾಯಿತು. ರೋಮಿನ ಪುಸ್ತಕದಂಗಡಿಗಳ ಬೀದಿಯಲ್ಲಿ ಗ್ಯಾಲೆನ್‌ನ ಹೆಸರು ಹೊತ್ತ ಪುಸ್ತಕವೊಂದರ ಬಗ್ಗೆ ಜನ ವಾದಿಸುತ್ತಿದ್ದರು. ವಿದ್ಯಾವಂತನೊಬ್ಬ ಮೊದಲ ಎರಡು ಸಾಲು ಓದಿ, ಇದು ಗ್ಯಾಲೆನ್‌ನ ಭಾಷೆಯಲ್ಲವೆಂದು ಪುಸ್ತಕವನ್ನು ಪಕ್ಕಕ್ಕಿಟ್ಟ. ಈ ಗೊಂದಲ ನೋಡಿಯೇ ಗ್ಯಾಲೆನ್ ತಾವು ನಿಜವಾಗಿ ಬರೆದ ಪುಸ್ತಕಗಳ ಪಟ್ಟಿಯನ್ನು ಒಂದು ಪ್ರತ್ಯೇಕ ಪುಸ್ತಕವಾಗಿ ಬರೆದರು.

ಪೈಥಾಗೊರಸ್‌ನ ಅನುಯಾಯಿಗಳು ತಾವು ಬರೆದುದನ್ನು ಗುರುವಿನ ಹೆಸರಿಗೆ ಸಲ್ಲಿಸುವುದನ್ನು ಸದ್ಗುಣವೆಂದು ಕೊಂಡಾಡಿದ್ದೂ ಉಂಟು. ಗುರುಭಕ್ತಿ ದೊಡ್ಡದೇ. ಆದರೆ ಅದರ ಫಲವೇನು? ಪೈಥಾಗೊರಸ್ ನಿಜವಾಗಿ ಏನು ಹೇಳಿದನೆಂದು ಖಚಿತವಾಗಿ ಹೇಳುವುದು ಇಂದು ಬಹಳ ಕಷ್ಟ. ಶಿಷ್ಯರು ಗುರುವಿನ ಬಾಯಿಗೆ ಮಾತು ತುಂಬುತ್ತ ಹೋದರು. ಕೊನೆಗೆ ಗುರುವಿನ ದನಿಯೇ ಹೂತುಹೋಯಿತು.

ಕ್ರೈಸ್ತರು: ಪ್ರೀತಿಯಿಂದ ಬರೆದ ಸುಳ್ಳು

ಕ್ರೈಸ್ತ ಸಮುದಾಯದಲ್ಲಿ ಪ್ರಶ್ನೆ ಇನ್ನೂ ತೀವ್ರವಾಯಿತು, ಏಕೆಂದರೆ ಅಲ್ಲಿ ಹೆಸರೆಂದರೆ ಸಾಕ್ಷ್ಯ. ಈಸಾರನ್ನು(ಅ) ಕಂಡವರು ಹೇಳಿದ್ದೋ, ಕಾಣದವರು ಕಟ್ಟಿದ್ದೋ ಎಂಬುದು ಅವರಿಗೆ ಜೀವನ್ಮರಣದ ಪ್ರಶ್ನೆ. ನಾಲ್ಕು ಸುವಾರ್ತೆಗಳ ಮೂಲಪಾಠದೊಳಗೆ ಬರೆದವರು ತಮ್ಮ ಹೆಸರನ್ನು ಹೇಳಿಕೊಂಡಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಹೆಸರುಗಳನ್ನು ಒಟ್ಟಾಗಿ ಸ್ಪಷ್ಟವಾಗಿ ಹೇಳಿದವರು ಕ್ರಿ.ಶ. 180ರ ಹೊತ್ತಿನ ಬಿಷಪ್ ಇರೇನಿಯಸ್. ಪೌಲ ತನ್ನ ಪತ್ರಗಳ ಕೊನೆಯಲ್ಲಿ ಸ್ವಂತ ಕೈಯಿಂದ ಕೆಲವು ಮಾತು ಬರೆಯುತ್ತಿದ್ದ. ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರದಲ್ಲಿ, ತಮ್ಮಿಂದ ಬಂತೆಂದು ಹೇಳಲಾಗುವ ಪತ್ರಗಳಿಗೆ ಬೆದರಬೇಡಿರೆಂಬ ಎಚ್ಚರಿಕೆಯಿದೆ. ಆ ಪತ್ರವೇ ಪೌಲನದು ಹೌದೋ ಅಲ್ಲವೋ ಎಂದು ಇಂದಿನ ಅನೇಕ ಕ್ರೈಸ್ತ ವಿದ್ವಾಂಸರೇ ಸಂಶಯಿಸುತ್ತಾರೆ.

ಕ್ರಿ.ಶ. 200ರ ಹೊತ್ತಿಗೆ ತೆರ್ತುಲಿಯನ್ ಎಂಬ ಲೇಖಕ ದಾಖಲಿಸಿದ ಘಟನೆಯೊಂದನ್ನು ನಾವು ಮರೆಯಬಾರದು. ಏಷ್ಯಾ ಪ್ರಾಂತದ ಸಭಾಹಿರಿಯನೊಬ್ಬ ಪೌಲನ ಕೃತ್ಯಗಳೆಂಬ ಕಥನವನ್ನು ತಾನೇ ರಚಿಸಿ, ಪೌಲನ ಹೆಸರಿನ ಕೀರ್ತಿಗೆ ತನ್ನದನ್ನೂ ಸೇರಿಸಿದ. ಸಿಕ್ಕಿಬಿದ್ದಾಗ ಆತ ಹೇಳಿದ್ದು, ಪೌಲನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆನೆಂದು. ಸಭೆ ಆ ಪ್ರೀತಿಯನ್ನು ಒಪ್ಪಲಿಲ್ಲ. ಆತ ಹುದ್ದೆ ಕಳೆದುಕೊಂಡ. ಅದೇ ಕಾಲದ ಅಂತಿಯೋಕ್ಯದ ಬಿಷಪ್ ಸೆರಾಪಿಯನ್, ಪೇತ್ರನ ಹೆಸರಿನ ಸುವಾರ್ತೆಯನ್ನು ಮೊದಲು ಓದಲು ಬಿಟ್ಟು, ಆಮೇಲೆ ಸ್ವತಃ ಪರಿಶೀಲಿಸಿ, ಅಪೊಸ್ತಲರ ಮೇಲೆ ಗೌರವವಿದೆಯೆಂದು ಅವರ ಹೆಸರಿನ ಸುಳ್ಳು ಬರಹಗಳನ್ನು ಒಪ್ಪಲಾಗದೆಂದು ತಿರಸ್ಕರಿಸಿದ. ಇಬ್ರಿಯರಿಗೆ ಬರೆದ ಪತ್ರದ ಕರ್ತೃ ಯಾರೆಂದು ನಿಜವಾಗಿ ದೇವರೇ ಬಲ್ಲನೆಂದು ಒರಿಜೆನ್ ಎಂಬ ಮಹಾಪಂಡಿತ ಒಪ್ಪಿಕೊಂಡ. ಗೊತ್ತಿಲ್ಲದ ಕಡೆ ಗೊತ್ತಿಲ್ಲವೆನ್ನುವ ಧೈರ್ಯವೂ ಪಾಂಡಿತ್ಯದ ಭಾಗವೇ.

ಆದ್ದರಿಂದ, ಪ್ರಾಚೀನ ಕಾಲದಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಬರೆಯುವುದು ಎಲ್ಲರಿಗೂ ಸಮ್ಮತವಾದ ರೂಢಿಯಾಗಿತ್ತು, ಅದನ್ನು ಯಾರೂ ವಂಚನೆಯೆಂದು ಬಗೆಯುತ್ತಿರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ. ರೂಢಿ ಇತ್ತು ನಿಜ. ಸಿಕ್ಕಿಬಿದ್ದವನು ನಾಚಿದ್ದೂ, ಕಂಡುಹಿಡಿದವರು ಕೋಪಗೊಂಡದ್ದೂ ಅಷ್ಟೇ ನಿಜ.

ನಮ್ಮ ಮನೆಯ ಕನ್ನಡಿ

ಇಷ್ಟು ಓದಿದ ನಮ್ಮ ಕೆಲವು ಯುವಕರಿಗೆ ಹಿಗ್ಗು ಬರಬಹುದು. ಅವರ ಗ್ರಂಥಗಳನ್ನು ಯಾರು ಬರೆದರೆಂದು ಅವರಿಗೇ ತಿಳಿಯದು ಎಂದು ಗೇಲಿ ಮಾಡುವ ವಿಡಿಯೊಗಳಿಗೆ ನಮ್ಮಲ್ಲಿ ಬರವಿಲ್ಲ. ಆ ಯುವಕರಿಗೆ ನನ್ನ ನೇರ ಪ್ರಶ್ನೆ: ನೀವು ನಿನ್ನೆ ಹಂಚಿದ ಹದೀಸ್ ಯಾವ ಗ್ರಂಥದ್ದು? ಅದರ ಸನದ್ ಯಾವುದು? ಉತ್ತರವಿಲ್ಲದಿದ್ದರೆ, ಗೇಲಿ ಮಾಡುವ ಹಕ್ಕು ನಿಮಗೆಲ್ಲಿಂದ ಬಂತು? ತಮ್ಮ ಕೈಯಿಂದಲೇ ಗ್ರಂಥ ಬರೆದು, ಇದು ಅಲ್ಲಾಹನಿಂದ ಬಂದುದೆಂದು ಹೇಳುವವರಿಗೆ ನಾಶವಿದೆಯೆಂದು ಸೂರಃ ಅಲ್‌ಬಕರದ 79ನೇ ಸೂಕ್ತ ಎಚ್ಚರಿಸುತ್ತದೆ. ನಾವು ಅದನ್ನು ಯಾವಾಗಲೂ ಇತರರಿಗೆ ಓದಿ ಹೇಳುತ್ತೇವೆ. ಒಮ್ಮೆ ನಮಗೇ ಓದಿಕೊಳ್ಳೋಣ.

ನಮ್ಮ ಪೂರ್ವಜರು ಆ ಎಚ್ಚರಿಕೆಯನ್ನು ತಮಗೇ ಹೇಳಿದ್ದೆಂದು ತಿಳಿದಿದ್ದರು. ಉದ್ದೇಶಪೂರ್ವಕವಾಗಿ ತನ್ನ ಮೇಲೆ ಸುಳ್ಳು ಹೊರಿಸಿದವನು ನರಕದಲ್ಲಿ ತನ್ನ ಸ್ಥಾನ ಕಂಡುಕೊಳ್ಳಲಿ ಎಂಬ ಅರ್ಥದ ಪ್ರವಾದಿವಚನವು ಬಹುಸಂಖ್ಯೆಯ ಸಹಾಬಿಗಳಿಂದ ವರದಿಯಾಗಿದೆ. ಆಂತರಿಕ ಕಲಹಗಳು ತಲೆದೋರಿದ ಮೇಲೆ, ಹೇಳಿದವರ ಹೆಸರು ಹೇಳಿರೆಂದು ಕೇಳುವುದು ನಿಯಮವಾಯಿತೆಂದು ಇಬ್ನು ಸೀರೀನ್(ರ) ಸಾಕ್ಷ್ಯ ನುಡಿದಿದ್ದಾರೆ. ಸನದ್ ಎಂಬುದು ಧರ್ಮದ ಭಾಗ, ಅದಿಲ್ಲದಿದ್ದರೆ ಯಾರು ಏನು ಬೇಕಾದರೂ ಹೇಳುತ್ತಿದ್ದರೆಂಬುದು ಅಬ್ದುಲ್ಲಾಹ್ ಇಬ್ನುಲ್ ಮುಬಾರಕ್(ರ) ಅವರ ನಿಲುವು. ಇಮಾಮ್ ಮುಸ್ಲಿಮ್(ರ) ಈ ಎರಡನ್ನೂ ತಮ್ಮ ಸಹೀಹ್‌ನ ಪೀಠಿಕೆಯಲ್ಲೇ ದಾಖಲಿಸಿದ್ದಾರೆ. ಗ್ರೀಕರಲ್ಲಿ ಹೆಸರು ಕೀರ್ತಿಯ ಮುದ್ರೆಯಾಗಿತ್ತು. ನಮ್ಮವರಲ್ಲಿ ಅದು ಹೊಣೆಯ ಸರಪಳಿಯಾಯಿತು. ಪ್ರತಿಯೊಂದು ಕೊಂಡಿಯಲ್ಲಿಯೂ ಒಬ್ಬ ಮನುಷ್ಯನಿದ್ದಾನೆ; ಆತ ಎಲ್ಲಿ ಹುಟ್ಟಿದ, ಯಾರ ಬಳಿ ಕಲಿತ, ಅವನ ನೆನಪು ಹೇಗಿತ್ತು, ಸುಳ್ಳಾಡಿದ್ದುಂಟೆ ಎಂದು ವಿಚಾರಿಸಿ ಸಂಪುಟಗಟ್ಟಲೆ ಬರೆದಿಟ್ಟರು.

ಅದೇ ಪೀಠಿಕೆಯಲ್ಲಿ ಇನ್ನೊಂದು ಕಹಿ ಸತ್ಯವೂ ಇದೆ. ಸಜ್ಜನರು ಹದೀಸ್‌ನ ವಿಷಯದಲ್ಲಿ ಸುಳ್ಳಿಗೆ ಒಳಗಾಗುವಷ್ಟು ಬೇರೆ ಯಾವುದರಲ್ಲೂ ಒಳಗಾಗುವುದಿಲ್ಲವೆಂಬ ಅಭಿಪ್ರಾಯವನ್ನು ಯಹ್ಯಾ ಇಬ್ನು ಸಈದ್ ಅಲ್‌ಕತ್ತಾನ್(ರ) ಅವರಿಂದ ಉದ್ಧರಿಸಿ, ಸುಳ್ಳು ಅವರ ನಾಲಗೆಯಲ್ಲಿ ಉದ್ದೇಶವಿಲ್ಲದೆಯೇ ಹರಿಯುತ್ತದೆಂದು ಇಮಾಮ್ ಮುಸ್ಲಿಮ್(ರ) ವಿವರಿಸುತ್ತಾರೆ. ಚಪ್ಪರದಡಿ ನನಗೆ ಮೊಬೈಲ್ ಕೊಟ್ಟ ಹಿರಿಯರು ಕೆಟ್ಟವರಲ್ಲ. ಐದು ಹೊತ್ತಿನ ನಮಾಜಿಗೆ ಮೊದಲ ಸಾಲಿನಲ್ಲಿ ನಿಲ್ಲುವವರು. ಅಪಾಯ ಇರುವುದೇ ಅಲ್ಲಿ.

ಉದ್ದೇಶವಿಟ್ಟೇ ಸುಳ್ಳು ಕಟ್ಟಿದ ಸಜ್ಜನರೂ ಇದ್ದರು. ಮರ್ವ್‌ನ ನೂಹ್ ಇಬ್ನು ಅಬೀ ಮರ್ಯಮ್ ಕುರ್‌ಆನಿನ ಒಂದೊಂದು ಸೂರಃದ ಶ್ರೇಷ್ಠತೆಯ ಬಗ್ಗೆ ವರದಿಗಳನ್ನು ಕಟ್ಟಿ ಹಬ್ಬಿಸಿದ. ಕೇಳಿದಾಗ, ಜನರು ಕುರ್‌ಆನನ್ನು ಬಿಟ್ಟು ಅಬೂ ಹನೀಫಾರ(ರ) ಫಿಕ್ಹ್ ಮತ್ತು ಇಬ್ನು ಇಸ್‌ಹಾಕರ ಯುದ್ಧಕಥನಗಳಲ್ಲಿ ಮುಳುಗಿದ್ದುದರಿಂದ ಪುಣ್ಯವೆಂದು ಭಾವಿಸಿ ಹಾಗೆ ಮಾಡಿದೆನೆಂದನಂತೆ. ಏಷ್ಯಾ ಪ್ರಾಂತದ ಆ ಸಭಾಹಿರಿಯನೂ ಮರ್ವ್‌ನ ಈ ವಿದ್ವಾಂಸನೂ ಒಂದೇ ಮಾತನ್ನು ಹೇಳಿದರು: ಪ್ರೀತಿಯಿಂದ ಮಾಡಿದೆ. ಎರಡೂ ಸಮುದಾಯಗಳು ಒಂದೇ ತೀರ್ಪು ನೀಡಿದವು. 'ಸಂಗ್ರಾಹಕ' ಎಂಬ ಬಿರುದು ಹೊತ್ತಿದ್ದ ನೂಹ್, ಸತ್ಯವೊಂದನ್ನು ಬಿಟ್ಟು ಎಲ್ಲವನ್ನೂ ಸಂಗ್ರಹಿಸಿದನೆಂದು ಹದೀಸ್ ಪಂಡಿತರು ಕಟುವಾಗಿ ನುಡಿದರು.

ಅರ್ಥ ಸರಿಯಿದ್ದರೆ ಸಾಕೆ?

ಈಗ ಆಕ್ಷೇಪಗಳಿಗೆ ಬರೋಣ. ಅರ್ಥ ಸರಿಯಿದೆಯಲ್ಲ ಎನ್ನುವುದು ಮೊದಲನೆಯದು. ಪ್ರತಿವರ್ಷ ಆಗಸ್ಟ್ 15ರಂದು ನಮ್ಮ ವೇದಿಕೆಗಳಲ್ಲಿ ದೇಶಪ್ರೇಮವು ಈಮಾನಿನ ಭಾಗವೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆಂಬ ಘೋಷಣೆ ಕೇಳಿಸುತ್ತದೆ. ಇಮಾಮ್ ಸಗಾನಿ(ರ) ಇದನ್ನು ಕಲ್ಪಿತ ಹದೀಸ್‌ಗಳ ಸಾಲಿಗೆ ಸೇರಿಸಿದ್ದಾರೆ. ಹಿಜರಿ 902ರಲ್ಲಿ ನಿಧನರಾದ ಇಮಾಮ್ ಸಖಾವಿ(ರ) ಇಂಥದ್ದೊಂದು ಹದೀಸ್ ತಮಗೆ ಎಲ್ಲಿಯೂ ದೊರೆತಿಲ್ಲ, ಆದರೆ ಅದರ ಅರ್ಥ ಸರಿಯಾಗಿದೆ ಎಂದು ಬರೆದರು. ಆ ತಕ್ಕಡಿಯನ್ನು ನೋಡಿ. ಅರ್ಥ ಸರಿಯೆಂದು ಒಪ್ಪಿಯೂ ಅವರು ಪ್ರವಾದಿವರ್ಯರ(ಸ) ಹೆಸರನ್ನು ಅದಕ್ಕೆ ಅಂಟಿಸಲಿಲ್ಲ. ಈ ನೆಲವನ್ನು ನಾವು ಪ್ರೀತಿಸುತ್ತೇವೆ. ನಮ್ಮ ಅಜ್ಜಂದಿರ ಕಬರುಗಳು ಇಲ್ಲಿಯೇ ಇವೆ. ಆ ಪ್ರೀತಿಗೆ ಕಲ್ಪಿತ ಹದೀಸ್‌ನ ಊರುಗೋಲು ಬೇಕಿಲ್ಲ. ಸತ್ಯಕ್ಕೆ ಸುಳ್ಳಿನ ಆಧಾರ ಕೊಟ್ಟರೆ, ಸುಳ್ಳು ಬಯಲಾದ ದಿನ ಜನ ಸತ್ಯವನ್ನೂ ಸಂಶಯಿಸುತ್ತಾರೆ. ಚೀನಾಕ್ಕೆ ಹೋಗಿಯಾದರೂ ವಿದ್ಯೆ ಅರಸಬೇಕೆಂಬ ಜನಪ್ರಿಯ ಮಾತನ್ನೂ ಇಬ್ನುಲ್ ಜೌಝಿ(ರ) ಕಲ್ಪಿತ ವರದಿಗಳ ಸಾಲಿನಲ್ಲಿಯೇ ಇಟ್ಟರು. ವಿದ್ಯೆಯ ಮಹಿಮೆ ಹೇಳಲು ಕುರ್‌ಆನ್ ಮತ್ತು ಸಹೀಹ್ ಹದೀಸ್‌ಗಳಲ್ಲಿ ಬೇಕಾದಷ್ಟಿರುವಾಗ, ಕಾಣದ ಚೀನಾಕ್ಕೆ ಏಕೆ ಹೋಗಬೇಕು?

ಸತ್ಕರ್ಮಗಳ ಶ್ರೇಷ್ಠತೆ ಹೇಳುವಾಗ ದುರ್ಬಲ ಹದೀಸ್‌ಗೂ ಅವಕಾಶವಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಇಮಾಮ್ ನವವಿ(ರ) ಮೊದಲಾದವರು ಹಾಗೆ ಹೇಳಿದ್ದು ನಿಜ. ಆದರೆ ದುರ್ಬಲ ಬೇರೆ, ಕಲ್ಪಿತ ಬೇರೆ. ಕಲ್ಪಿತವಾದುದಕ್ಕೆ ಅವರೂ ಬಾಗಿಲು ತೆರೆಯಲಿಲ್ಲ. ದುರ್ಬಲವಾದುದಕ್ಕೂ ಇಬ್ನು ಹಜರ್(ರ) ಶರತ್ತುಗಳನ್ನಿಟ್ಟರು: ದೌರ್ಬಲ್ಯ ತೀವ್ರವಾಗಿರಬಾರದು, ಅದು ಸ್ಥಾಪಿತ ತತ್ವವೊಂದರ ಅಡಿಯಲ್ಲಿ ಬರಬೇಕು, ಪ್ರವಾದಿವರ್ಯರು(ಸ) ಖಚಿತವಾಗಿ ಹೇಳಿದ್ದಾರೆಂಬ ನಂಬಿಕೆಯಿಂದ ಅದನ್ನು ಆಚರಿಸಬಾರದು. ನಮ್ಮ ಮೊಬೈಲಿನ ಸಂದೇಶಗಳಲ್ಲಿ ಎಷ್ಟು ಈ ಜರಡಿ ದಾಟುತ್ತವೆ?

ಜನ ಸಾಮಾನ್ಯರು, ಅವರಿಗೆ ಸನದ್ ಅರ್ಥವಾಗದು ಎಂಬುದು ಮೂರನೆಯದು. ಇದನ್ನು ನಾನು ಒಪ್ಪುವುದಿಲ್ಲ. ಗಜೇಂದ್ರಗಡದ ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಅದರ ಹಲ್ಲು ನೋಡುತ್ತಾನೆ, ಯಾರ ಮನೆಯದೆಂದು ಕೇಳುತ್ತಾನೆ, ಪರಿಚಿತರ ಮಾತನ್ನು ತೂಗುತ್ತಾನೆ. ಹೊಲ ಕೊಳ್ಳುವವನು ಪಹಣಿ ನೋಡದೆ ಮುಂಗಡ ಕೊಡುವುದಿಲ್ಲ. ಎತ್ತಿಗೂ ಹೊಲಕ್ಕೂ ಸನದ್ ಕೇಳುವವನು ಆಖಿರತ್ತಿನ ವಿಷಯದಲ್ಲಿ ಮಾತ್ರ ಏಕೆ ಕೇಳಬಾರದು? ಕೇಳುವ ಬುದ್ಧಿ ಅವನಲ್ಲಿದೆ. ಕೇಳುವುದು ಬೇಅದಬಿಯೆಂದು ಹೆದರಿಸಿದವರು ನಾವು, ಮಿಂಬರ್ ಮತ್ತು ಮೈಕ್ ಹಿಡಿದವರು.

ಹಾಗಾದರೆ ಮಾಡಬೇಕಾದುದೇನು? ಕೆಲಸ ದೊಡ್ಡದಲ್ಲ. ಪ್ರವಾದಿವರ್ಯರು(ಸ) ಹೇಳಿದರು ಎನ್ನುವ ಮೊದಲು ಯಾವ ಗ್ರಂಥದಲ್ಲಿ ಎಂದು ಕೇಳೋಣ. ವಿದ್ವಾಂಸರು ಅದಕ್ಕೆ ಯಾವ ದರ್ಜೆ ಕೊಟ್ಟಿದ್ದಾರೆಂದು ವಿಚಾರಿಸೋಣ. ಎರಡಕ್ಕೂ ಉತ್ತರ ಸಿಗದಿದ್ದರೆ ಬಾಯಿ ಮುಚ್ಚಿಕೊಳ್ಳೋಣ. ಖತೀಬರು ಜುಮಾ ಖುತ್ಬಾದಲ್ಲಿ ಹದೀಸ್ ಹೇಳುವಾಗ ಗ್ರಂಥದ ಹೆಸರನ್ನೂ ಹೇಳಲಿ. ಮದ್ರಸದ ಮಕ್ಕಳಿಗೆ ಹದೀಸ್ ಬಾಯಿಪಾಠ ಮಾಡಿಸುವಾಗ ವರದಿ ಮಾಡಿದ ಸಹಾಬಿಯ ಹೆಸರನ್ನೂ ಬಾಯಿಪಾಠ ಮಾಡಿಸಲಿ. ಬಸವಣ್ಣನವರ, ಅಬ್ದುಲ್ ಕಲಾಂರ ಚಿತ್ರದಡಿ ಅಚ್ಚಾಗಿ ಬರುವ ಮಾತುಗಳಿಗೂ ಇದೇ ಅಳತೆಗೋಲು ಇರಲಿ. ಸತ್ಯಸಂಧತೆಗೆ ಮುಸ್ಲಿಮ್ ಹೆಸರೊಂದು, ಮುಸ್ಲಿಮೇತರ ಹೆಸರೊಂದು ಎಂಬ ಭೇದವಿಲ್ಲ. ಒಂದು ಜನರ ಮೇಲಿನ ದ್ವೇಷವು ನ್ಯಾಯ ತಪ್ಪುವಂತೆ ಮಾಡದಿರಲಿ ಎಂದು ಕಲಿಸಿದ ಕುರ್‌ಆನ್, ಪ್ರೀತಿಗೂ ಆ ರಿಯಾಯಿತಿಯನ್ನು ಕೊಟ್ಟಿಲ್ಲ.

ಕೊನೆಯದಾಗಿ, ಚಪ್ಪರದಡಿ ನನಗೆ ಹೊಳೆಯದೆ ಹೋದ ಉತ್ತರ. ಸೂರಃ ಅಲ್‌ಹಾಕ್ಕಃದ 44ರಿಂದ 47ರವರೆಗಿನ ಸೂಕ್ತಗಳನ್ನು ಓದಿ. ಸ್ವತಃ ಪ್ರವಾದಿವರ್ಯರು(ಸ) ಯಾವುದಾದರೂ ಮಾತನ್ನು ಕಟ್ಟಿ ಅಲ್ಲಾಹನ ಮೇಲೆ ಹೊರಿಸಿದ್ದರೆ, ಅವರ ಬಲಗೈ ಹಿಡಿದು ಜೀವನಾಡಿಯನ್ನೇ ಕತ್ತರಿಸಲಾಗುತ್ತಿತ್ತು, ತಡೆಯುವವರು ಯಾರೂ ಇರುತ್ತಿರಲಿಲ್ಲ ಎಂಬ ಕಠೋರ ಎಚ್ಚರಿಕೆ ಅಲ್ಲಿದೆ. ಅವರಿಗಿಂತ ಒಳ್ಳೆಯ ಉದ್ದೇಶ ಯಾರದಿತ್ತು? ಅವರಿಗಿಂತ ಚಲೋ ಮಾತು ಆಡಬಲ್ಲವರು ಯಾರಿದ್ದರು? ಆದರೂ ತನ್ನ ಮಾತಿಗೆ ಅಲ್ಲಾಹನ ಹೆಸರು ಹಚ್ಚುವ ಅಧಿಕಾರ ಅವರಿಗೂ ಇರಲಿಲ್ಲ. ಅಲ್ಲಾಹನ ರಸೂಲರಿಗೇ(ಸ) ಇಲ್ಲದ ಆ ಅಧಿಕಾರವು ನೋಟುಬುಕ್ಕಿನ ಹಾಳೆ ಹರಿದ ಹುಡುಗನಿಗೂ, ಮೊಬೈಲ್ ಹಿಡಿದ ಹಿರಿಯರಿಗೂ, ಮಿಂಬರ್ ಏರಿದ ಮೌಲಾನರಿಗೂ ಎಲ್ಲಿಂದ ಬರಬೇಕು?

ಯಾರ್ ಹೇಳಿದ್ರೇನು ಎಂದಿರಲ್ಲ ಚಾಚಾ, ಅದಕ್ಕೆ ಉತ್ತರ ಇದು: ಅವರು ಹೇಳಿದ್ದರೆ ಅದು ದೀನ್. ಅವರು ಹೇಳದಿದ್ದರೆ ಅದು ಅವರ ಮೇಲಿನ ಆರೋಪ. ಮಾತು ಚಲೋ ಇದ್ದರೆ ನಿಮ್ಮದೇ ಮಾತಾಗಿ ಹೇಳಿ, ನಾವು ಗೌರವದಿಂದ ಕೇಳುತ್ತೇವೆ.

ಅರಿಯದೆ ನಾವು ಪ್ರವಾದಿವರ್ಯರ(ಸ) ಮೇಲೆ ಹೊರಿಸಿದ ಮಾತುಗಳನ್ನು ಅಲ್ಲಾಹನು ಕ್ಷಮಿಸಲಿ. ಅರಿತ ಮೇಲೆ ಮೌನವಾಗಿರುವ ಶಕ್ತಿಯನ್ನೂ, ಕೇಳುವ ಧೈರ್ಯವನ್ನೂ ನಮಗೆ ಕರುಣಿಸಲಿ. ಆಮೀನ್.